ಕೊನೆಯ ಮಾತು ಯಾರದು? ವಾಷಿಂಗ್ಟನ್ ಡಿ.ಸಿ.ಯ ಸ್ವಯಮಾಡಳಿತ ಮತ್ತು ರಾಜ್ಯ ಸ್ಥಾನಮಾನದ ಹೋರಾಟ: ಒಂದು ಪ್ರಕರಣ ಅಧ್ಯಯನ

2023ರ ಮಾರ್ಚ್ 6ರಂದು ವಾಷಿಂಗ್ಟನ್ ಡಿ.ಸಿ.ಯ (ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ, ಅಂದರೆ ಯಾವ ರಾಜ್ಯಕ್ಕೂ ಸೇರದ ಕೊಲಂಬಿಯಾ ಜಿಲ್ಲೆ) ನಗರ ಪರಿಷತ್ತಿನ ಅಧ್ಯಕ್ಷ ಫಿಲ್ ಮೆಂಡೆಲ್ಸನ್ ಅಮೆರಿಕದ ಸೆನೆಟ್‌ಗೆ ಒಂದು ಪತ್ರ ಕಳಿಸಿದರು. ಪರಿಷತ್ತು ಅಂಗೀಕರಿಸಿ ಕಾಂಗ್ರೆಸ್ಸಿನ ಪರಿಶೀಲನೆಗೆ ಕಳಿಸಿದ್ದ ಹೊಸ ಅಪರಾಧ ಸಂಹಿತೆಯನ್ನು ತಾವೇ ವಾಪಸ್ ಪಡೆಯುತ್ತಿದ್ದೇವೆ ಎಂಬುದು ಪತ್ರದ ಸಾರ. (ಈ ಬರಹದಲ್ಲಿ ಕಾಂಗ್ರೆಸ್ ಅಂದರೆ ಅಮೆರಿಕದ ಸಂಸತ್ತು, ನಮ್ಮ ಪಕ್ಷವಲ್ಲ.) ಮಸೂದೆಯೇ ಇಲ್ಲವೆಂದ ಮೇಲೆ ಅದನ್ನು ತಿರಸ್ಕರಿಸುವ ಪ್ರಶ್ನೆ ಎಲ್ಲಿಂದ ಬಂತು ಎಂಬುದು ಅವರ ಲೆಕ್ಕ. ಸೆನೆಟ್ ಆ ಪತ್ರಕ್ಕೆ ಬೆಲೆ ಕೊಡಲಿಲ್ಲ. ಎರಡು ದಿನದ ನಂತರ 81–14 ಮತಗಳಿಂದ ಸಂಹಿತೆಯನ್ನು ರದ್ದು ಮಾಡಿತು. ಕೆಳಮನೆ ಫೆಬ್ರುವರಿಯಲ್ಲೇ ರದ್ದು ಮಾಡಿಯಾಗಿತ್ತು. ಡಿ.ಸಿ.ಗೆ ರಾಜ್ಯ ಸ್ಥಾನಮಾನ ಸಿಗಬೇಕೆಂದು ಹೇಳುತ್ತಲೇ ಬಂದಿದ್ದ ಅಧ್ಯಕ್ಷ ಜೋ ಬೈಡನ್ ಕೂಡ ಅದಕ್ಕೆ ಸಹಿ ಹಾಕಿದರು.

ಆ ಸಂಹಿತೆ ಸರಿಯಿತ್ತೋ ಇಲ್ಲವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. 1901ರಿಂದ ತೇಪೆ ಹಚ್ಚುತ್ತಾ ಬಂದಿದ್ದ ಹಳೆಯ ಕಾನೂನನ್ನು ತಿದ್ದಲು ಒಂದು ಆಯೋಗ ವರ್ಷಗಟ್ಟಲೆ ಕೂತು ಕೆಲಸ ಮಾಡಿತ್ತು. ಪರಿಷತ್ತು 2022ರ ನವೆಂಬರ್‌ನಲ್ಲಿ ಅದನ್ನು ಅವಿರೋಧವಾಗಿ ಒಪ್ಪಿತು. ಮೇಯರ್ ಮ್ಯೂರಿಯಲ್ ಬೌಸರ್‌ಗೆ ಅದು ಹಿಡಿಸಲಿಲ್ಲ. ಬಂದೂಕು ತೋರಿಸಿ ಕಾರು ಕಸಿಯುವ ಅಪರಾಧಕ್ಕಿದ್ದ ಗರಿಷ್ಠ 40 ವರ್ಷದ ಶಿಕ್ಷೆ 24 ವರ್ಷಕ್ಕೆ ಇಳಿಯುವಂಥ ಅಂಶಗಳು ಅದರಲ್ಲಿದ್ದವು, ಊರಿನಲ್ಲಿ ಅಂಥ ಅಪರಾಧಗಳು ಹೆಚ್ಚಾಗಿದ್ದ ಕಾಲ ಬೇರೆ. ಅವರು ವೀಟೊ ಹಾಕಿದರು. ಪರಿಷತ್ತು 12–1ರಿಂದ ವೀಟೊವನ್ನು ತಳ್ಳಿಹಾಕಿತು. ಮೇಯರ್ ಒಂದು ಕಡೆ, ಪರಿಷತ್ತು ಇನ್ನೊಂದು ಕಡೆ, ಎರಡಕ್ಕೂ ಊರಿನಲ್ಲಿ ಬೆಂಬಲಿಗರು. ಸ್ವಯಮಾಡಳಿತ ಇರುವ ಊರಿನಲ್ಲಿ ಜಗಳ ನಡೆಯುವುದೇ ಹೀಗೆ. ಮುಂದಿನ ಚುನಾವಣೆಯಲ್ಲಿ ಜನರೇ ಅದನ್ನು ತೀರ್ಮಾನಿಸುತ್ತಾರೆ. ಇಲ್ಲಿ ಜಗಳವನ್ನು ಮುಗಿಸಿದವರು ಆ ಊರಿನ ಒಂದೇ ಒಂದು ಮತವನ್ನೂ ಕೇಳಬೇಕಾಗಿಲ್ಲದ ಸೆನೆಟರುಗಳು. ಈ ಬರಹದ ವಿಷಯ ಅದು.

ಇಂಥ ವ್ಯವಸ್ಥೆ ಯಾಕೆ ಬಂತು

1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನು ಸುತ್ತುವರಿದರು. ಪೆನ್ಸಿಲ್ವೇನಿಯಾ ರಾಜ್ಯ ತನ್ನ ಪಡೆಯನ್ನು ಕಳಿಸಲು ಹಿಂದೇಟು ಹಾಕಿತು. ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು. ಕೇಂದ್ರ ಸರಕಾರ ಯಾವುದೇ ಒಂದು ರಾಜ್ಯದ ಮರ್ಜಿಯಲ್ಲಿ ಇರಬಾರದು ಎಂಬ ಪಾಠವನ್ನು ಸಂವಿಧಾನ ಬರೆದವರು ಅಲ್ಲಿಂದ ಕಲಿತರು. ಹತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲ ಮೀರದ ಒಂದು ಜಿಲ್ಲೆಯ ಮೇಲೆ ಕಾಂಗ್ರೆಸ್ಸಿಗೆ ಎಲ್ಲ ವಿಷಯಗಳಲ್ಲೂ ಶಾಸನಾಧಿಕಾರ ಕೊಟ್ಟರು. ಅಲ್ಲಿ ವಾಸಿಸುವವರಿಗೆ ಸ್ಥಳೀಯ ವಿಷಯಗಳಿಗಾಗಿ ಅವರೇ ಆರಿಸಿದ ಶಾಸನಸಭೆ ಇದ್ದೇ ಇರುತ್ತದೆ ಎಂದು ಜೇಮ್ಸ್ ಮ್ಯಾಡಿಸನ್ ಆಗ ಬರೆದದ್ದನ್ನೂ ನೆನಪಿಡಬೇಕು.

ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಬಿಟ್ಟುಕೊಟ್ಟ ನೆಲದ ಮೇಲೆ ಊರು ಎದ್ದಿತು. 1801ರ ಕಾಯ್ದೆಯಿಂದ ಅಲ್ಲಿನ ಜನ ಆ ಎರಡು ರಾಜ್ಯಗಳ ಮತದಾರರಾಗಿ ಉಳಿಯಲಿಲ್ಲ. ಬದಲಿಗೆ ಕಾಂಗ್ರೆಸ್ಸಿನಲ್ಲಿ ಅವರಿಗೊಂದು ಸ್ಥಾನವೂ ಸಿಗಲಿಲ್ಲ. ವರ್ಜೀನಿಯಾದ ಭಾಗ 1840ರ ದಶಕದಲ್ಲಿ ಆ ರಾಜ್ಯಕ್ಕೆ ಮರಳಿತು. ಈಗ ಉಳಿದಿರುವುದು ಪೊಟೊಮ್ಯಾಕ್ ನದಿಯ ಈಚೆಗಿರುವ, ಹಿಂದೆ ಮೇರಿಲ್ಯಾಂಡಿಗೆ ಸೇರಿದ್ದ ಭಾಗ ಮಾತ್ರ.

ಊರಿನ ಚರಿತ್ರೆಯ ಮುಖ್ಯ ತಿರುವು ಅಂತರ್ಯುದ್ಧದ ನಂತರದ್ದು. 1862ರ ಏಪ್ರಿಲ್ 16ರಂದೇ ಇಲ್ಲಿ ಗುಲಾಮಗಿರಿ ರದ್ದಾಯಿತು. 1867ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಾಕಿದ ವೀಟೊವನ್ನು ಮೀರಿ ಕಾಂಗ್ರೆಸ್ ಇಲ್ಲಿನ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಟ್ಟಿತು. ಅವರು ಮತ ಹಾಕಿದರು, ಗೆದ್ದರು, ಆಡಳಿತದಲ್ಲಿ ಕೂತರು. 1871ರಲ್ಲಿ ಇಡೀ ಜಿಲ್ಲೆಗೆ ಒಂದೇ ಸರಕಾರ ಬಂತು. ಅದರ ಕಾಮಗಾರಿಗಳ ಹೊಣೆ ಹೊತ್ತ ಅಲೆಕ್ಸಾಂಡರ್ ಶೆಫರ್ಡ್ ರಸ್ತೆ, ಒಳಚರಂಡಿ, ಸಾಲುಮರ ಎಂದು ಊರನ್ನೇ ಅಗೆದು ಕಟ್ಟಿದರು, ಖಜಾನೆಯನ್ನೂ ಬರಿದು ಮಾಡಿದರು. ಆ ಸಾಲದ ನೆಪದಲ್ಲಿ 1874ರಲ್ಲಿ ಕಾಂಗ್ರೆಸ್ ಚುನಾಯಿತ ಸರಕಾರವನ್ನೇ ತೆಗೆದುಹಾಕಿ, ಅಧ್ಯಕ್ಷರು ನೇಮಿಸುವ ಮೂವರು ಕಮಿಷನರುಗಳ ಕೈಗೆ ಊರನ್ನು ಕೊಟ್ಟಿತು. ಸಾಲ ನಿಜ, ದುಂದುಗಾರಿಕೆಯೂ ನಿಜ. ಆದರೆ ಅಲಬಾಮದ ಸೆನೆಟರ್ ಜಾನ್ ಟೈಲರ್ ಮಾರ್ಗನ್ 1890ರಲ್ಲಿ ಸೆನೆಟ್‌ನಲ್ಲೇ ನಿಂತು ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಹೇಳಿದರು: ಇಲಿಗಳನ್ನು ಓಡಿಸಲು ಕಣಜವನ್ನೇ ಸುಡಬೇಕಾಯಿತು, ಕಣಜವೆಂದರೆ ಜಿಲ್ಲೆಯ ಸರಕಾರ, ಇಲಿಗಳೆಂದರೆ ಅಲ್ಲಿನ ಕಪ್ಪು ಜನ. ಬಿಳಿಯರ ಮತವೂ ಹೋಯಿತು, ಅದಕ್ಕೂ ಅವರು ಸಿದ್ಧರಿದ್ದರು. ಆಮೇಲೆ ನೂರು ವರ್ಷ ಈ ಊರಿನ ಜನ ತಮ್ಮ ಮೇಯರನ್ನಾಗಲಿ ಪರಿಷತ್ತನ್ನಾಗಲಿ ಆರಿಸಲಿಲ್ಲ.

ಮತವಿಲ್ಲದವರು ಮತವಿದ್ದಲ್ಲಿಗೆ ಹೋದ ಕತೆ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಊರಿನ ನಿಜವಾದ ಯಜಮಾನ ಎಂದರೆ ಕೆಳಮನೆಯ ಜಿಲ್ಲಾ ಸಮಿತಿಯ ಅಧ್ಯಕ್ಷ. ಎರಡು ದಶಕಕ್ಕೂ ಹೆಚ್ಚು ಕಾಲ ಆ ಕುರ್ಚಿಯಲ್ಲಿ ಕೂತವರು ದಕ್ಷಿಣ ಕ್ಯಾರೊಲೈನಾದ ಜಾನ್ ಮೆಕ್‌ಮಿಲನ್. ವರ್ಣಭೇದವನ್ನು ಬಹಿರಂಗವಾಗಿ ಬೆಂಬಲಿಸಿದವರು. ಸ್ವಯಮಾಡಳಿತದ ಮಸೂದೆಗಳನ್ನು ಸೆನೆಟ್ ಮತ್ತೆ ಮತ್ತೆ ಪಾಸು ಮಾಡಿ ಕಳಿಸುತ್ತಿತ್ತು, ಅವು ಅವರ ಸಮಿತಿಯಲ್ಲಿ ಕೊಳೆಯುತ್ತಿದ್ದವು. 1961ರ 23ನೆಯ ತಿದ್ದುಪಡಿಯಿಂದ ಊರಿನವರಿಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಸಿಕ್ಕಿತ್ತು, ಅಷ್ಟೇ. 1967ರಲ್ಲಿ ಲಿಂಡನ್ ಜಾನ್ಸನ್ ಕಮಿಷನರುಗಳ ವ್ಯವಸ್ಥೆಯನ್ನು ತೆಗೆದು, ವಾಲ್ಟರ್ ವಾಷಿಂಗ್ಟನ್ ಎಂಬ ಕಪ್ಪು ಆಡಳಿತಗಾರರನ್ನು ಮೇಯರ್ ದರ್ಜೆಯ ಕಮಿಷನರ್ ಆಗಿ ನೇಮಿಸಿದರು. ಅವರು ತಮ್ಮ ಮೊದಲ ಬಜೆಟ್ಟನ್ನು ಸಮಿತಿಗೆ ಕಳಿಸಿದಾಗ ಮೆಕ್‌ಮಿಲನ್ ಉತ್ತರವಾಗಿ ಅವರ ಕಚೇರಿಗೆ ಲಾರಿ ತುಂಬ ಕಲ್ಲಂಗಡಿ ಕಳಿಸಿದರು. ಅಮೆರಿಕದಲ್ಲಿ ಕಪ್ಪು ಜನರನ್ನು ಹೀಯಾಳಿಸಲು ಕಲ್ಲಂಗಡಿಯನ್ನು ಬಳಸುವುದು ಹಳೆಯ ಚಾಳಿ. ಆ ಲಾರಿಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಾಷಿಂಗ್ಟನ್ನಿನ ಜನ ಮೆಕ್‌ಮಿಲನ್‌ರನ್ನು ಸೋಲಿಸುವ ಹಾಗಿರಲಿಲ್ಲ, ಅವರ ಕ್ಷೇತ್ರ ಇದ್ದದ್ದು ನೂರಾರು ಮೈಲಿ ದೂರದಲ್ಲಿ. ಆದರೆ 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಆ ಕ್ಷೇತ್ರದಲ್ಲೂ ಕಪ್ಪು ಮತದಾರರು ನೋಂದಣಿಯಾಗುತ್ತಿದ್ದರು. 1971ರಲ್ಲಿ ಕೆಳಮನೆಗೆ ಜಿಲ್ಲೆಯ, ಮತ ಹಾಕುವ ಹಕ್ಕಿಲ್ಲದ, ಪ್ರತಿನಿಧಿಯಾಗಿ ಆಯ್ಕೆಯಾಗಿದ್ದ ಪಾದ್ರಿ ವಾಲ್ಟರ್ ಫಾಂಟ್‌ರಾಯ್, ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ದುಡಿದವರು, ಊರಿನ ಜನರನ್ನು ಬಸ್ಸುಗಳಲ್ಲಿ ದಕ್ಷಿಣ ಕ್ಯಾರೊಲೈನಾಕ್ಕೆ ಕರೆದೊಯ್ದರು. ಅವರು ಅಲ್ಲಿನ ಮತದಾರರ ಮನೆಮನೆಗೆ ಹೋಗಿ, ನಿಮ್ಮ ಪ್ರತಿನಿಧಿ ನಮ್ಮನ್ನು ಹೇಗೆ ಆಳುತ್ತಿದ್ದಾರೆ ನೋಡಿ ಎಂದು ಹೇಳಿದರು. 1972ರ ಪಕ್ಷದ ಒಳಚುನಾವಣೆಯಲ್ಲಿ ಮೆಕ್‌ಮಿಲನ್ ಸೋತರು. ಸಮಿತಿಯ ಅಧ್ಯಕ್ಷಗಿರಿ ಡೆಟ್ರಾಯಿಟ್‌ನ ಕಪ್ಪು ಸದಸ್ಯ ಚಾರ್ಲ್ಸ್ ಡಿಗ್ಸ್‌ಗೆ ಬಂತು. ಮುಂದಿನ ವರ್ಷ, 1973ರ ಡಿಸೆಂಬರ್ 24ರಂದು, ಸ್ವಯಮಾಡಳಿತ ಕಾಯ್ದೆಗೆ ರಿಚರ್ಡ್ ನಿಕ್ಸನ್ ಸಹಿ ಹಾಕಿದರು. ಈ ಇಡೀ ಹೋರಾಟದಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವ ಘಟ್ಟ ಇದೇ. ತಮ್ಮ ಊರನ್ನು ಆಳುವವನನ್ನು ಇಳಿಸಲು ಪರರಾಜ್ಯದ ಮತದಾರರ ಮುಂದೆ ಕೈಮುಗಿಯಬೇಕಾಯಿತು ಎನ್ನುವುದು ಆ ಗೆಲುವಿನೊಳಗೇ ಇದ್ದ ನೋವು.

ಕೊಟ್ಟದ್ದೆಷ್ಟು, ಇಟ್ಟುಕೊಂಡದ್ದೆಷ್ಟು

1975ರ ಜನವರಿಯಲ್ಲಿ ಚುನಾಯಿತ ಮೇಯರ್ ಮತ್ತು 13 ಸದಸ್ಯರ ಪರಿಷತ್ತು ಅಧಿಕಾರ ವಹಿಸಿಕೊಂಡವು. ಎಂಟು ವಾರ್ಡ್‌ಗಳಿಂದ ಎಂಟು ಜನ, ಇಡೀ ಊರಿನಿಂದ ನಾಲ್ವರು, ಒಬ್ಬ ಅಧ್ಯಕ್ಷ. ಅದರ ಕೆಳಗೆ ನೆರೆಹೊರೆ ಸಲಹಾ ಸಮಿತಿಗಳು. ಸುಮಾರು 2,000 ಜನರಿಗೆ ಒಬ್ಬ ಪ್ರತಿನಿಧಿ, ಸಂಬಳವಿಲ್ಲ, ಎರಡು ವರ್ಷದ ಅವಧಿ. ಮೂಲೆಯ ಬಾರ್‌ಗೆ ಪರವಾನಗಿ ಕೊಡಬೇಕೇ, ಪಕ್ಕದ ನಿವೇಶನದಲ್ಲಿ ಎಷ್ಟು ಅಂತಸ್ತು ಏಳಬೇಕು, ಸೈಕಲ್ ಹಾದಿಗಾಗಿ ಕಾರು ನಿಲ್ಲಿಸುವ ಜಾಗ ಬಿಡಬೇಕೇ ಎಂಬಂಥ ವಿಷಯಗಳನ್ನು ಇವರು ಸಂಜೆಯ ಸಭೆಗಳಲ್ಲಿ ಚರ್ಚಿಸಿ ನಿರ್ಣಯ ಮಾಡುತ್ತಾರೆ. ಆ ನಿರ್ಣಯಕ್ಕೆ ನಗರದ ಇಲಾಖೆಗಳು ಹೆಚ್ಚಿನ ತೂಕ ಕೊಡಬೇಕೆಂದು ಕಾನೂನೇ ಹೇಳುತ್ತದೆ, ಒಪ್ಪದಿದ್ದರೆ ಕಾರಣ ಬರೆದು ಕೊಡಬೇಕು. ವಾರ್ಡ್ ಸಮಿತಿಗಳು ಕಾಗದದ ಮೇಲಷ್ಟೇ ಉಳಿದ ಬೆಂಗಳೂರಿನಂಥ ಊರಿನವರಿಗೆ ಇದು ಅಸೂಯೆ ಹುಟ್ಟಿಸುವ ವ್ಯವಸ್ಥೆ. ಇದಲ್ಲದೆ ಡ್ರೈವಿಂಗ್ ಲೈಸೆನ್ಸ್‌ನಿಂದ ಹಿಡಿದು ಬಡವರ ಆರೋಗ್ಯ ವಿಮೆ, ವಿಶ್ವವಿದ್ಯಾಲಯದವರೆಗೆ ಬೇರೆಡೆ ರಾಜ್ಯ ಸರಕಾರ ಮಾಡುವ ಬಹುಪಾಲು ಕೆಲಸವನ್ನು ಈ ನಗರ ಸರಕಾರವೇ ಮಾಡುತ್ತದೆ.

ಕಾಂಗ್ರೆಸ್ ತನ್ನ ಕೈಯಲ್ಲಿ ಇಟ್ಟುಕೊಂಡದ್ದೂ ಕಡಿಮೆಯಲ್ಲ. ಪರಿಷತ್ತಿನ ಕಾನೂನು ಜಾರಿಗೆ ಬರುವ ಮೊದಲು ಕಾಂಗ್ರೆಸ್ ಮುಂದೆ 30 ಅಧಿವೇಶನ ದಿನ ಕಾಯಬೇಕು, ಅಪರಾಧ ಕಾನೂನಾದರೆ 60. ಸ್ಥಳೀಯ ನ್ಯಾಯಾಧೀಶರನ್ನು ನೇಮಿಸುವವರು ಅಧ್ಯಕ್ಷರು. ವಯಸ್ಕರ ಮೇಲಿನ ಬಹುತೇಕ ಕ್ರಿಮಿನಲ್ ಮೊಕದ್ದಮೆ ನಡೆಸುವುದು ಕೇಂದ್ರದ ಪ್ರಾಸಿಕ್ಯೂಟರ್. ನ್ಯಾಷನಲ್ ಗಾರ್ಡ್ ಪಡೆ ರಾಜ್ಯಗಳಲ್ಲಿ ಗವರ್ನರ್ ಮಾತು ಕೇಳುತ್ತದೆ, ಇಲ್ಲಿ ಅಧ್ಯಕ್ಷರ ಮಾತು. ಹೊರಗಿನಿಂದ ಬಂದು ದುಡಿದು ಸಂಜೆ ವರ್ಜೀನಿಯಾಕ್ಕೋ ಮೇರಿಲ್ಯಾಂಡಿಗೋ ಮರಳುವವರ ಸಂಬಳದ ಮೇಲೆ ತೆರಿಗೆ ಹಾಕುವಂತಿಲ್ಲ. ಊರಿನಲ್ಲಿ ಗಳಿಕೆಯಾಗುವ ಹಣದ ಅರ್ಧಕ್ಕಿಂತ ಹೆಚ್ಚು ಹೀಗೆ ಸೇತುವೆ ದಾಟಿ ಹೋಗುತ್ತದೆ. 1990ರ ದಶಕದಲ್ಲಿ ಮೇಯರ್ ಮೇರಿಯನ್ ಬ್ಯಾರಿಯ ಕಾಲಕ್ಕೆ ಊರು ದಿವಾಳಿಯ ಅಂಚಿಗೆ ಬಂದದ್ದರಲ್ಲಿ ದುರಾಡಳಿತದ ಪಾಲು ದೊಡ್ಡದು, ಈ ಕಟ್ಟಳೆಯ ಪಾಲೂ ಇದೆ. ಆಗ ನೇಮಕಗೊಂಡ ಹಣಕಾಸು ನಿಯಂತ್ರಣ ಮಂಡಳಿ 1995ರಿಂದ 2001ರವರೆಗೆ ಚುನಾಯಿತರ ನೆತ್ತಿಯ ಮೇಲೆ ಕೂತಿತ್ತು.

ಬಜೆಟ್ಟಿನ ದಾರಿಯಲ್ಲಿ ಕಾಂಗ್ರೆಸ್ ಏನು ಮಾಡಬಲ್ಲದು ಎನ್ನುವುದಕ್ಕೆ 1998ರ ನವೆಂಬರ್ ಚುನಾವಣೆಯನ್ನು ನೋಡಬೇಕು. ರೋಗಿಗಳು ಔಷಧಿಯಾಗಿ ಗಾಂಜಾ ಬಳಸಬಹುದೇ ಎಂಬ ಪ್ರಶ್ನೆಯನ್ನು ಸಹಿ ಸಂಗ್ರಹಿಸಿ ಮತಪತ್ರದ ಮೇಲೆ ತರಲಾಗಿತ್ತು. ಮತಪತ್ರ ಅಚ್ಚಾದ ಮೇಲೆ, ಜಾರ್ಜಿಯಾದ ಸದಸ್ಯ ಬಾಬ್ ಬಾರ್ ಬಜೆಟ್ ಮಸೂದೆಯಲ್ಲಿ ಒಂದು ಸಾಲು ಸೇರಿಸಿದರು: ಇಂಥ ಜನಮತಗಣನೆಗೆ ಒಂದು ಕಾಸೂ ಖರ್ಚು ಮಾಡುವಂತಿಲ್ಲ. ಜನ ಮತ ಹಾಕಿದರು. ಆದರೆ ಫಲಿತಾಂಶ ಹೊರತೆಗೆಯುವುದೂ ಖರ್ಚೇ ಎಂಬ ಕಾರಣಕ್ಕೆ ಚುನಾವಣಾ ಮಂಡಳಿ ಬಾಯಿ ಮುಚ್ಚಿಕೊಂಡಿತು. ಆ ಲೆಕ್ಕ ತೆಗೆಯಲು ತಗಲುತ್ತಿದ್ದ ವೆಚ್ಚ ಎರಡು ಡಾಲರನ್ನೂ ಮುಟ್ಟುತ್ತಿರಲಿಲ್ಲ. ಹಾಕಿದ ಮತ ಹತ್ತಿರ ಹತ್ತಿರ ಒಂದು ವರ್ಷ ಗುಟ್ಟಾಗಿ ಉಳಿಯಿತು. 1999ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಫಲಿತಾಂಶ ಹೊರಬಂದಾಗ ಪರವಾಗಿ ಶೇ. 69 ಮತ ಬಿದ್ದಿತ್ತು. ಆಗಲೂ ಕಾಂಗ್ರೆಸ್ ಜಾರಿಗೆ ಅಡ್ಡಗಾಲು ಹಾಕಿತು. ಆ ತಡೆ ತೆರವಾದದ್ದು 2009ರ ಕೊನೆಯಲ್ಲಿ. ಮಾದಕ ವ್ಯಸನಿಗಳಿಗೆ ಶುದ್ಧ ಸೂಜಿ ಕೊಟ್ಟು ಎಚ್‌ಐವಿ ತಡೆಯುವ ಯೋಜನೆಗೆ ನಗರ ತನ್ನದೇ ಹಣ ಬಳಸದಂತೆ ಕೂಡ ಇದೇ ದಾರಿಯಲ್ಲಿ ಸುಮಾರು ಒಂಬತ್ತು ವರ್ಷ ತಡೆಯಲಾಯಿತು. ಎಚ್‌ಐವಿ ಹಾವಳಿ ತೀವ್ರವಾಗಿದ್ದ ಊರದು. ಗಾಂಜಾದ ಬಗ್ಗೆ ಯಾರು ಏನೇ ಹೇಳಲಿ, ಈ ಎರಡನೆಯದನ್ನು ಕ್ಷಮಿಸುವುದು ನನ್ನಿಂದಾಗದು.

ರಾಜ್ಯ ಯಾಕೆ ಬೇಕು, ಬೇಡವೆನ್ನುವವರ ವಾದವೇನು

2020ರ ಜನಗಣತಿಯಲ್ಲಿ ಡಿ.ಸಿ.ಯ ಜನಸಂಖ್ಯೆ 6,89,545. ವಯೋಮಿಂಗ್ ಮತ್ತು ವರ್ಮಾಂಟ್ ಎರಡಕ್ಕೂ ಇದಕ್ಕಿಂತ ಕಡಿಮೆ ಜನ, ಎರಡಕ್ಕೂ ಇಬ್ಬಿಬ್ಬರು ಸೆನೆಟರುಗಳು. ಪೋರ್ಟೊ ರಿಕೊದವರು ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆ ಕಟ್ಟುವುದಿಲ್ಲ, ಇವರು ಪೂರ್ತಿ ಕಟ್ಟುತ್ತಾರೆ. ಪ್ರಾತಿನಿಧ್ಯವಿಲ್ಲದ ತೆರಿಗೆ ಎಂಬ ಸಾಲು 2000ದಿಂದ ಇಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೇ ಇದೆ. 2020ರಲ್ಲಿ ಕೋವಿಡ್ ನೆರವು ಹಂಚುವಾಗ ಪ್ರತಿ ರಾಜ್ಯಕ್ಕೂ ಕನಿಷ್ಠ 125 ಕೋಟಿ ಡಾಲರ್ ಎಂದಾಯಿತು, ಡಿ.ಸಿ.ಯನ್ನು ಅಧೀನ ಪ್ರಾಂತ್ಯಗಳ ಸಾಲಿಗೆ ಸೇರಿಸಿದ್ದರಿಂದ ಸಿಕ್ಕಿದ್ದು ಸುಮಾರು 50 ಕೋಟಿ. ಉಳಿದ ಹಣ ಮರುವರ್ಷ ಬಂತು, ಕಾಂಗ್ರೆಸ್ಸಿನಲ್ಲಿ ಬಹುಮತ ಬದಲಾದ ಮೇಲೆ.

ನಮ್ಮವರಿಗೆ ಹತ್ತಿರದ ಉದಾಹರಣೆ ಹೇಳುವುದಾದರೆ, ವರ್ಜೀನಿಯಾದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು ನೆಲೆಸಿರುವ ಅಮೆರಿಕನ್ ಪ್ರಜೆ ಇಲ್ಲಿಂದಲೇ ವರ್ಜೀನಿಯಾದ ಸೆನೆಟರ್ ಆಯ್ಕೆಗೆ ಮತ ಹಾಕಬಹುದು. ಅದೇ ಪ್ರಜೆ ಬೆಂಗಳೂರಿನ ಬದಲು ನದಿ ದಾಟಿ ಡಿ.ಸಿ.ಗೆ ಮನೆ ಬದಲಾಯಿಸಿದರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ಆ ಸುತ್ತಿನ ಕನ್ನಡಿಗ ಕುಟುಂಬಗಳು ಹೆಚ್ಚಾಗಿ ವರ್ಜೀನಿಯಾ, ಮೇರಿಲ್ಯಾಂಡ್ ಉಪನಗರಗಳಲ್ಲಿ ಇರುವುದರಿಂದ ಈ ಸಂಕಟ ನಮ್ಮವರಲ್ಲಿ ಅನೇಕರಿಗೆ ತಟ್ಟಿಲ್ಲ. ದೆಹಲಿಯ ಜೊತೆ ಹೋಲಿಸಿದರೂ ಇದು ಕಾಣುತ್ತದೆ. ದೆಹಲಿಯ ವಿಧಾನಸಭೆಗೆ ಪೊಲೀಸ್ ಇಲ್ಲ, ಭೂಮಿ ಇಲ್ಲ. 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ ಅಧಿಕಾರಿಗಳ ಮೇಲಿನ ಹಿಡಿತವನ್ನು ಕೇಂದ್ರ ಸುಗ್ರೀವಾಜ್ಞೆಯಿಂದ ವಾರದೊಪ್ಪತ್ತಿನಲ್ಲಿ ಕಿತ್ತುಕೊಂಡಿತು. ಆದರೂ ಆ ವಿಷಯ ಸಂಸತ್ತಿಗೆ ಬಂದಾಗ ದೆಹಲಿ ಆರಿಸಿದ ಏಳು ಲೋಕಸಭಾ ಸದಸ್ಯರು, ಮೂವರು ರಾಜ್ಯಸಭಾ ಸದಸ್ಯರು ಮತ ಹಾಕುವ ಸ್ಥಾನದಲ್ಲಿದ್ದರು. ಡಿ.ಸಿ.ಗೆ ಅಷ್ಟೂ ಇಲ್ಲ.

ಡಿ.ಸಿ.ಗೆ ಕಾಂಗ್ರೆಸ್ಸಿನಲ್ಲಿ ಪ್ರಾತಿನಿಧ್ಯ ಕೊಡಿಸಲು ಮೊದಲು ಸಂವಿಧಾನ ತಿದ್ದುಪಡಿಯ ದಾರಿ ಹಿಡಿದರು. 1978ರಲ್ಲಿ ಎರಡೂ ಸದನ ಮೂರನೇ ಎರಡರ ಬಹುಮತದಿಂದ ಒಪ್ಪಿದವು. 38 ರಾಜ್ಯಗಳು ಬೇಕಿದ್ದ ಕಡೆ ಏಳು ವರ್ಷದಲ್ಲಿ ಒಪ್ಪಿದ್ದು 16. ರಾಜ್ಯದ ಮಸೂದೆ 1993ರಲ್ಲಿ ಕೆಳಮನೆಯಲ್ಲಿ 277–153ರಿಂದ ಬಿದ್ದುಹೋಯಿತು. 2016ರ ಜನಮತಗಣನೆಯಲ್ಲಿ ಶೇ. 86ರಷ್ಟು ಜನ ರಾಜ್ಯ ಬೇಕೆಂದರು. ಹೆಸರು ವಾಷಿಂಗ್ಟನ್, ಡಗ್ಲಸ್ ಕಾಮನ್‌ವೆಲ್ತ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಕೊನೆಗೆ ಇದೇ ಊರಿನ ಅನಕೋಸ್ಟಿಯಾದಲ್ಲಿ ಬಾಳಿದ ಫ್ರೆಡರಿಕ್ ಡಗ್ಲಸ್ ನೆನಪಿಗೆ. ಶ್ವೇತಭವನ, ಕ್ಯಾಪಿಟಲ್, ಸುಪ್ರೀಂ ಕೋರ್ಟ್, ಅವುಗಳ ನಡುವಿನ ಬಯಲು ಇಷ್ಟನ್ನು ಕೇಂದ್ರಕ್ಕೆ ಉಳಿಸಿ ಮಿಕ್ಕದ್ದನ್ನು 51ನೆಯ ರಾಜ್ಯ ಮಾಡುವ ಮಸೂದೆ 2020ರ ಜೂನ್‌ನಲ್ಲಿ 232–180, 2021ರ ಏಪ್ರಿಲ್‌ನಲ್ಲಿ 216–208ರಿಂದ ಕೆಳಮನೆಯಲ್ಲಿ ಗೆದ್ದಿತು. ಸೆನೆಟ್ ಅದನ್ನು ಮತಕ್ಕೆ ಹಾಕಲೇ ಇಲ್ಲ.

ವಿರೋಧಿಗಳ ವಾದಗಳಲ್ಲಿ ಒಂದಕ್ಕೆ ನಿಜವಾದ ತೂಕವಿದೆ. ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಲಿಯಲ್ಲಿ (ಎಲೆಕ್ಟೋರಲ್ ಕಾಲೇಜ್) 23ನೆಯ ತಿದ್ದುಪಡಿ ಕೊಡುವ ಮೂರು ಮತಗಳು ಜಿಲ್ಲೆಯ ಹೆಸರಿನಲ್ಲಿವೆ. ಜಿಲ್ಲೆ ಎಂದರೆ ಕೆಲವು ಸರಕಾರಿ ಕಟ್ಟಡಗಳು ಮಾತ್ರ ಎಂದಾದರೆ ಆ ಮತಗಳನ್ನು ಯಾರು ಹಾಕುತ್ತಾರೆ? ತಿದ್ದುಪಡಿಯನ್ನೇ ರದ್ದು ಮಾಡುವ ಪ್ರಕ್ರಿಯೆಯನ್ನು ತ್ವರಿತಗೊಳಿಸುವ ವಿಧಿ ಮಸೂದೆಯಲ್ಲಿದೆ, ಆದರೆ ಅದಕ್ಕೂ 38 ರಾಜ್ಯಗಳ ಒಪ್ಪಿಗೆ ಬೇಕು. ಇದು ಬಿಡಿಸಲೇಬೇಕಾದ ಕಗ್ಗಂಟು. ಮೇರಿಲ್ಯಾಂಡಿಗೆ ಮರಳಿಸಿ ಎನ್ನುವ ಸಲಹೆ ಕಾಗದದ ಮೇಲೆ ಚೆನ್ನಾಗಿದೆ, ಆದರೆ ಆ ರಾಜ್ಯಕ್ಕೂ ಈ ಊರಿಗೂ ಅದರಲ್ಲಿ ಉತ್ಸಾಹವಿಲ್ಲ. ಉಳಿದದ್ದು ರಾಜಕೀಯ. 2020ರಲ್ಲಿ ಇಲ್ಲಿ ಶೇ. 92ರಷ್ಟು ಮತ ಬೈಡನ್‌ಗೆ ಬಿತ್ತು. ರಾಜ್ಯವಾದರೆ ಬರುವ ಇಬ್ಬರು ಸೆನೆಟರುಗಳು ಯಾವ ಪಕ್ಷದವರೆಂದು ಎಲ್ಲರಿಗೂ ಗೊತ್ತು. ಇದು ಹೊಸದೇನಲ್ಲ. 1889ರಲ್ಲಿ ಡಕೋಟಾ ಪ್ರಾಂತ್ಯ ಎರಡು ರಾಜ್ಯಗಳಾಗಿ ಒಡೆದದ್ದರ ಹಿಂದೆಯೂ ರಿಪಬ್ಲಿಕನ್ನರ ಸೆನೆಟ್ ಲೆಕ್ಕವಿತ್ತು. 1959ರಲ್ಲಿ ಅಲಾಸ್ಕಾ ಡೆಮಾಕ್ರಟರದ್ದು, ಹವಾಯಿ ರಿಪಬ್ಲಿಕನ್ನರದ್ದು ಎಂದು ಎಣಿಸಿ ಎರಡನ್ನೂ ಒಳತಂದರು. ಕಾಲ ಕಳೆದಂತೆ ಎರಡೂ ತಿರುಗುಮುರುಗಾದವು. ಯಾರಿಗೆ ಮತ ಹಾಕುತ್ತಾರೆ ಎಂದು ನೋಡಿಕೊಂಡು ಮತದ ಹಕ್ಕು ಕೊಡುವುದು ಯಾವ ಪಕ್ಷ ಮಾಡಿದರೂ ತಪ್ಪೇ.

ಇದಕ್ಕೆ ಬದಲು ಸ್ವಯಮಾಡಳಿತವನ್ನೇ ಇನ್ನಷ್ಟು ಗಟ್ಟಿ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು ಎನ್ನಲು 2025 ಒಂದೇ ಸಾಕು. ಮಾರ್ಚ್‌ನಲ್ಲಿ ಕಾಂಗ್ರೆಸ್ ಪಾಸು ಮಾಡಿದ ಹಣಕಾಸು ಮಸೂದೆಯಲ್ಲಿ, ಪ್ರತಿಸಲ ಇರುತ್ತಿದ್ದ ಒಂದು ವಾಕ್ಯ ಕಾಣೆಯಾಗಿತ್ತು. ಅದರಿಂದ ನಗರಕ್ಕೆ ತನ್ನದೇ ತೆರಿಗೆಯ ಸುಮಾರು 110 ಕೋಟಿ ಡಾಲರ್ ಖರ್ಚು ಮಾಡಲಾಗದ ಸ್ಥಿತಿ ಬಂತು. ಸೆನೆಟ್ ಅಂದೇ ತಿದ್ದುಪಡಿ ಮಸೂದೆ ಪಾಸು ಮಾಡಿತು, ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆಗಸ್ಟ್ 11ರಂದು ಡೊನಾಲ್ಡ್ ಟ್ರಂಪ್ ಸ್ವಯಮಾಡಳಿತ ಕಾಯ್ದೆಯ 740ನೆಯ ವಿಧಿಯನ್ನು ಬಳಸಿ ನಗರದ ಪೊಲೀಸ್ ಪಡೆಯನ್ನು 30 ದಿನಗಳ ಮಟ್ಟಿಗೆ ತಮ್ಮ ಸುಪರ್ದಿಗೆ ತೆಗೆದುಕೊಂಡರು. ಆ ವಿಧಿಯನ್ನು ಅದಕ್ಕೂ ಮೊದಲು ಯಾವ ಅಧ್ಯಕ್ಷರೂ ಬಳಸಿರಲಿಲ್ಲ. ಹಿಂದಿನ ವರ್ಷ ಊರಿನ ಹಿಂಸಾತ್ಮಕ ಅಪರಾಧ 30 ವರ್ಷಗಳಲ್ಲೇ ಕಡಿಮೆ ಎಂದು ಕೇಂದ್ರದ ಪ್ರಾಸಿಕ್ಯೂಟರ್ ಕಚೇರಿಯೇ ಜನವರಿಯಲ್ಲಿ ಹೇಳಿತ್ತು. ನ್ಯಾಷನಲ್ ಗಾರ್ಡ್ ಬೀದಿಗಿಳಿಯಿತು, ಬೇರೆ ರಾಜ್ಯಗಳಿಂದಲೂ ಪಡೆಗಳು ಬಂದವು. ಮೇಯರ್ ಬೌಸರ್ ಒಮ್ಮೆ ಪ್ರತಿಭಟಿಸುತ್ತ, ಒಮ್ಮೆ ಸಹಕರಿಸುತ್ತ ನಡೆದರು. ಅದಕ್ಕೆ ಅವರನ್ನು ಹೇಡಿ ಎಂದವರಿದ್ದಾರೆ; ನಾನು ಹಾಗೆನ್ನುವುದಿಲ್ಲ. ಇಡೀ ಕಾಯ್ದೆಯನ್ನೇ ರದ್ದು ಮಾಡುವ ಮಸೂದೆ ಕಾಂಗ್ರೆಸ್ಸಿನಲ್ಲಿ ಮಂಡನೆಯಾಗಿರುವಾಗ, ಇರುವ ಅಧಿಕಾರವೂ ಹೋಗದಂತೆ ನೋಡಿಕೊಳ್ಳುವುದು ಮೇಯರ್ ಕುರ್ಚಿಯಲ್ಲಿ ಕೂತವರ ಮೊದಲ ಕೆಲಸ. ಸಾಮಾನ್ಯ ಕಾಯ್ದೆಯಿಂದ ಬಂದದ್ದು ಸಾಮಾನ್ಯ ಕಾಯ್ದೆಯಿಂದಲೇ ಹೋಗಬಹುದು. ರಾಜ್ಯವನ್ನು ಒಮ್ಮೆ ಸೇರಿಸಿಕೊಂಡ ಮೇಲೆ ತೆಗೆದುಹಾಕುವ ಅಧಿಕಾರ ಕಾಂಗ್ರೆಸ್ಸಿಗಿಲ್ಲ. ಎರಡರ ನಡುವಿನ ವ್ಯತ್ಯಾಸ ಇಷ್ಟು ಸರಳ.

ರಾಜ್ಯದ ಮಸೂದೆಯನ್ನು 1991ರಿಂದ ಕೆಳಮನೆಯಲ್ಲಿರುವ ಪ್ರತಿನಿಧಿ ಎಲಿನಾರ್ ಹೋಮ್ಸ್ ನಾರ್ಟನ್ 2025ರ ಜನವರಿಯಲ್ಲಿ ಮತ್ತೆ ಮಂಡಿಸಿದರು. ಅದು ಸಮಿತಿಯಲ್ಲಿರುವಾಗಲೇ, ಸೆಪ್ಟೆಂಬರ್‌ನಲ್ಲಿ, ಡಿ.ಸಿ.ಯಲ್ಲಿ ಗಂಭೀರ ಅಪರಾಧ ಎಸಗಿದ 14 ವರ್ಷದ ಮಕ್ಕಳನ್ನೂ ವಯಸ್ಕರಂತೆ ವಿಚಾರಣೆಗೆ ಗುರಿಪಡಿಸುವ ಮಸೂದೆಯನ್ನು ಕೆಳಮನೆ ಅಂಗೀಕರಿಸಿತು. ಆ ಮಕ್ಕಳ ಊರಿನ ಪ್ರತಿನಿಧಿಗೆ ಅದರ ಮೇಲೆ ಮತ ಹಾಕುವ ಅಧಿಕಾರವಿರಲಿಲ್ಲ.